ಮನೆಯ ಬಾಗಿಲಿಗೆ ಬಂದ ಪದವಿ

ಮಲೆನಾಡಿನ ಲಗ್ನಪತ್ರಿಕೆಗಳನ್ನು ಸಾವಧಾನವಾಗಿ ಓದುವವರಿಗೆ ಒಂದು ಸಂಗತಿ ಕಾಣದೆ ಇರದು. ಗಣಪತಿಯ ಚಿತ್ರ, ಕುಲದೇವರ ಪ್ರಸನ್ನ, ಮುಹೂರ್ತದ ವಿವರ ಎಲ್ಲವೂ ಮುಗಿದ ಮೇಲೆ ವಧೂವರರ ಹೆಸರು. ಆ ಹೆಸರಿನ ಬೆನ್ನಿಗೇ ಬಿ.ಎ., ಬಿ.ಕಾಂ., ಎಂ.ಎ. ಎಂಬ ಅಕ್ಷರಗಳು. ಆ ಪದವಿ ಎಲ್ಲಿ ದೊರೆಯಿತು, ಹೇಗೆ ದೊರೆಯಿತು ಎಂಬುದನ್ನು ಯಾವ ಲಗ್ನಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಆದರೆ ಚಪ್ಪರದಡಿಯಲ್ಲಿ ಪಂಕ್ತಿಗೆ ಕುಳಿತ ಹಿರಿಯರ ನಡುವೆ ಆ ಪ್ರಶ್ನೆ ಬಂದೇ ಬರುತ್ತದೆ: “ಕಾಲೇಜಿಗೆ ಹೋಗಿ ಓದಿದ್ದೋ, ಹೊರಗಿನಿಂದ ಕಟ್ಟಿದ್ದೋ?”

ಈ ‘ಕಟ್ಟಿದ್ದು’ ಎಂಬ ಮಾತಿನಲ್ಲಿ ಸ್ವಲ್ಪ ಕೊಂಕು ಇದೆ. ಶುಲ್ಕವನ್ನೂ ಕಟ್ಟುತ್ತಾರೆ, ಪರೀಕ್ಷೆಗೂ ಕಟ್ಟುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಹಣ ಕಟ್ಟಿದವನಿಗೆ ವಿದ್ಯೆಯೂ ಬಂದಿತೇ ಎಂಬ ಅನುಮಾನ ಆ ಒಂದು ಪದದಲ್ಲಿಯೇ ಅಡಗಿದೆ. ಹೀಗಿದ್ದರೂ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಗಲು ದುಡಿದು ರಾತ್ರಿ ಪುಸ್ತಕ ತೆರೆಯುವವರಿಗೆ ಕೊರತೆಯಿಲ್ಲ. ಸಹಕಾರಿ ಸಂಘದ ಗುಮಾಸ್ತರು, ಅಂಚೆ ಕಛೇರಿಯ ನೌಕರರು, ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಪಿ.ಯು.ಸಿ. ಮುಗಿಯುತ್ತಲೇ ಮದುವೆಯಾಗಿ ಇಪ್ಪತ್ತು ವರ್ಷ ಸಂಸಾರ ನಡೆಸಿದ ಗೃಹಿಣಿಯರು ಆ ಸಾಲಿನಲ್ಲಿ ಸೇರಿದ್ದಾರೆ. ಇವರು ಪಡೆಯುವ ಪದವಿಗೆ ಇರುವ ಮರ್ಯಾದೆ ಎಷ್ಟು? ಅದಕ್ಕೆ ತೆರುವ ಬೆಲೆ ಎಷ್ಟು? ಮರ್ಯಾದೆಯೂ ಬೆಲೆಯೂ ಒಂದಕ್ಕೊಂದು ಸರಿದೂಗುತ್ತವೆಯೇ? ದುಡಿಯುವ ಕುಟುಂಬಗಳು ಅರ್ಜಿ ತುಂಬುವ ಮುನ್ನ ಯೋಚಿಸಬೇಕಾದ ವಿಷಯವಿದು.

ಮೊದಲು ಬಂದದ್ದು ವಿದ್ಯೆ

ವಿಶ್ವವಿದ್ಯಾನಿಲಯವು ತನ್ನ ಪ್ರಾಕಾರವನ್ನು ದಾಟಿ ದುಡಿಯುವ ಜನರ ಬಳಿಗೆ ಹೋಗಬೇಕೆಂಬ ವಿಚಾರ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಅದು ಎರಡು ದಾರಿ ಹಿಡಿಯಿತು. ಲಂಡನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿ ತನ್ನ ಪರೀಕ್ಷೆಗಳನ್ನು ಕಾಲೇಜಿಗೆ ಸೇರದವರಿಗೂ ತೆರೆಯಿತು. ಎಲ್ಲಿಯೇ ಓದಿರಲಿ, ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಪದವಿ ನಿಶ್ಚಯ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ೧೮೭೩ರಲ್ಲಿ ಜೇಮ್ಸ್ ಸ್ಟುವರ್ಟರ ಪ್ರಯತ್ನದ ಫಲವಾಗಿ ಪಟ್ಟಣಪಟ್ಟಣಗಳಿಗೆ ಉಪನ್ಯಾಸಕರನ್ನು ಕಳುಹಿಸತೊಡಗಿತು. ಮೊದಲನೆಯ ದಾರಿಯಲ್ಲಿ ಸಿಕ್ಕಿದ್ದು ಪದವಿ, ಎರಡನೆಯದರಲ್ಲಿ ವಿದ್ಯೆ.

ಕನ್ನಡನಾಡು ಹಿಡಿದದ್ದು ಎರಡನೆಯ ದಾರಿ. ೧೯೧೬ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ೧೯೩೦ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರಗಳನ್ನು ತಿಳಿಗನ್ನಡದಲ್ಲಿ ವಿವರಿಸಿದರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಮನೆಮನೆಯನ್ನು ಸೇರಿದವು. ಮುಂದೆ ‘ಪ್ರಸಾರಾಂಗ’ವೆಂದು ಹೆಸರಾದದ್ದು ಈ ವಿಭಾಗವೇ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದಾಗ, ಉನ್ನತ ಜ್ಞಾನವು ಜನರ ಭಾಷೆಯಲ್ಲಿಯೇ ಜನರನ್ನು ಮುಟ್ಟಬೇಕೆಂಬ ಧೋರಣೆಗೆ ಮತ್ತಷ್ಟು ಬಲ ಬಂದಿತು. ಉಪನ್ಯಾಸ ಕೇಳಿ ಎದ್ದುಹೋದ ರೈತನಿಗೆ ಯಾವ ಪ್ರಮಾಣಪತ್ರವೂ ಸಿಗುತ್ತಿರಲಿಲ್ಲ. ಅವನು ಅದನ್ನು ಕೇಳುತ್ತಲೂ ಇರಲಿಲ್ಲ.

ಪ್ರಮಾಣಪತ್ರ ಬೇಕಾದವರಿಗೆ ಬೇರೆ ಏರ್ಪಾಡುಗಳಿದ್ದವು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳು, ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯ ಪರೀಕ್ಷೆಗಳು ಎಷ್ಟೋ ಶಿಕ್ಷಕರಿಗೂ ಗೃಹಿಣಿಯರಿಗೂ ಮನೆಯಲ್ಲಿಯೇ ಓದಿ ಬರೆಯುವ ಅವಕಾಶ ಒದಗಿಸಿದವು. ಹಳೆಯ ಮನೆಗಳ ಗೋಡೆಗಳಲ್ಲಿ ಚೌಕಟ್ಟು ಹಾಕಿಸಿದ ‘ಜಾಣ’ ಪ್ರಶಸ್ತಿಪತ್ರವನ್ನು ಕಂಡವರು ಇಂದಿಗೂ ಇದ್ದಾರೆ.

ವಿದ್ಯೆಯ ಹಿಂದೆಯೇ ಪದವಿಯೂ ಅಂಚೆಯ ಚೀಲವೇರಿ ಹೊರಟದ್ದು ಆಮೇಲೆ. ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿ ಅಂಚೆ ಶಿಕ್ಷಣವನ್ನು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅದನ್ನು ಅನುಸರಿಸಿತು. ಆ ಸಂಸ್ಥೆಯೇ ಬೆಳೆದು ೧೯೯೬ರ ಜೂನ್ ೧ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಷ್ಟರಲ್ಲಿ, ೧೯೮೫ರಲ್ಲಿ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ಹುಟ್ಟಿತ್ತು. ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವೂ ಕೆಲವು ಕಾಲ ದೂರಶಿಕ್ಷಣವನ್ನು ನಡೆಸಿತು. ಹೀಗೆ ಮಲೆನಾಡಿನ ಮನೆಯ ಜಗಲಿಗೆ ಪದವಿಯೇ ನಡೆದುಬಂದಿತು.

ಪದವಿಯ ಹಂಬಲವೇಕೆ?

ಪಟ್ಟಣದವರು ಕೆಲವೊಮ್ಮೆ ಈ ಹಂಬಲವನ್ನು ನೋಡಿ ನಗುತ್ತಾರೆ. “ತೋಟವಿದೆ, ಗದ್ದೆಯಿದೆ, ಕೈಯಲ್ಲಿ ಕೆಲಸವಿದೆ, ನಲವತ್ತರಲ್ಲಿ ಬಿ.ಎ. ಏಕೆ?” ಎನ್ನುತ್ತಾರೆ. ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಬಲ್ಲವರು ಹಾಗೆ ನಗಲಾರರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ೧೯೭೪ರ ಭೂಸುಧಾರಣೆ ಕಾಯಿದೆಯಿಂದ ಉಳುವವನು ಹೊಲದೊಡೆಯನಾದನು. ತಲೆಮಾರುಗಳಿಂದ ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದ ಮನೆಯಲ್ಲಿ ಒಬ್ಬ ಪದವೀಧರನಾಗುವುದೆಂದರೆ, ಅದು ಬರಿಯ ನೌಕರಿಯ ಮಾತಲ್ಲ. ಆ ಹೆಬ್ಬೆಟ್ಟಿಗೆ ಕೊಟ್ಟ ಉತ್ತರ. ಇನ್ನು ಶರಾವತಿಯ ಕತೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಡಿ ಸೇರಿದವು. ಭೂಮಿ ಮುಳುಗಿದ ಮನೆಗೆ ಸರಕಾರಿ ನೌಕರಿಯೇ ಹೊಸ ಜಮೀನು. ಪದವಿಯೇ ಅದರ ಪಟ್ಟೆ.

ಹೆಣ್ಣುಮಕ್ಕಳ ಹಂಬಲಕ್ಕೆ ಬೇರೊಂದು ಕಾರಣವಿದೆ. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯಗಳು ಆರಂಭವಾಗುವ ಮುನ್ನ ಪದವಿ ವ್ಯಾಸಂಗಕ್ಕೆ ಊರು ಬಿಡುವುದು ಅನಿವಾರ್ಯವಾಗಿತ್ತು. ಕಾಲೇಜುಗಳು ಬಂದ ಮೇಲೆಯೂ ಕಾಡಿನ ನಡುವಣ ಒಂಟಿಮನೆಯಿಂದ ಬಸ್ಸಿನ ದಾರಿಗೆ ಬರಲು ಮೈಲಿಗಟ್ಟಲೆ ನಡೆಯಬೇಕಾಗಿದ್ದ ಹುಡುಗಿಯ ಓದು ಹತ್ತನೆಯ ತರಗತಿಗೋ ಪಿ.ಯು.ಸಿ.ಗೋ ನಿಂತಿತು. ತಮ್ಮನಿಗೆ ಹಾಸ್ಟೆಲಿನ ಖರ್ಚು ಕೊಟ್ಟ ಮನೆ ಅಕ್ಕನಿಗೆ ಕೊಡಲಿಲ್ಲ. ನಲವತ್ತರ ಹರೆಯದಲ್ಲಿ ಆಕೆ ಅರ್ಜಿ ತುಂಬಿದರೆ ಅದು ಶೋಕಿಯಲ್ಲ, ಬಾಕಿ ಉಳಿದ ಲೆಕ್ಕದ ವಸೂಲಿ.

ಮರ್ಯಾದೆಯ ಮೂರು ಕಟ್ಟೆಗಳು

ಹೀಗೆ ಪಡೆದ ಪದವಿಯ ಮರ್ಯಾದೆ ಮೂರು ಕಡೆಗಳಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಮೊದಲನೆಯದು ಸರಕಾರಿ ಕಛೇರಿಯ ಮೇಜು. ಅಲ್ಲಿ ಕೊಂಕಿಗೆ ಎಡೆಯಿಲ್ಲ, ನಿಯಮ ಮಾತ್ರ. ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೆ ಪಿ.ಯು.ಸಿ. ಸಾಕು, ಪ್ರಥಮ ದರ್ಜೆಗೆ ಪದವಿ ಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಹುದ್ದೆಗೂ ಪದವಿಯೇ ಅರ್ಹತೆ. ಪ್ರೌಢಶಾಲೆಯಲ್ಲಿ ಪಾಠ ಹೇಳಬೇಕೆಂಬ ಪ್ರಾಥಮಿಕ ಶಾಲಾ ಶಿಕ್ಷಕಿಗೆ ಪದವಿಯ ಜೊತೆಗೆ ಬಿ.ಇಡಿ. ಅಗತ್ಯ. ಮಾನ್ಯತೆಯುಳ್ಳ ಸಂಸ್ಥೆಯಿಂದ ದೂರಶಿಕ್ಷಣದ ಮೂಲಕ ಪಡೆದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಈ ಮೇಜಿನ ಮುಂದೆ ‘ಕಟ್ಟಿದ’ ಪದವಿಯೂ ತಲೆಯೆತ್ತಿ ನಿಲ್ಲುತ್ತದೆ.

ಎರಡನೆಯದು ಖಾಸಗಿ ಉದ್ಯೋಗದ ಮಾರುಕಟ್ಟೆ. ಅಲ್ಲಿ ಕಾಗದಕ್ಕಿಂತ ಕೈಚಳಕಕ್ಕೆ ಬೆಲೆ. ಅಡಿಕೆ ಮಂಡಿಯ ಯಜಮಾನನಿಗೆ ಬೇಕಾದದ್ದು ತಪ್ಪಿಲ್ಲದ ಲೆಕ್ಕ, ನಂಬಿಗಸ್ತ ನಡತೆ. ಬೆಂಗಳೂರಿನ ಕಂಪನಿಗೆ ಬೇಕಾದದ್ದು ಕೆಲಸದ ಅನುಭವ, ಇಂಗ್ಲಿಷಿನ ಮಾತು. ಕಾಲೇಜಿನಿಂದ ನೇರವಾಗಿ ಆರಿಸಿಕೊಳ್ಳುವ ಪದ್ಧತಿಯ ಲಾಭ ಮನೆಯಲ್ಲಿ ಓದಿದವನಿಗೆ ಒದಗುವುದಿಲ್ಲ. ಇಲ್ಲಿ ಪದವಿಯೊಂದೇ ಸಂಬಳವನ್ನು ಏರಿಸೀತೆಂದು ನಂಬಿ ಸಾಲ ಮಾಡುವುದು ವಿವೇಕವಲ್ಲ.

ಮೂರನೆಯದು ಮನೆ ಮತ್ತು ನೆಂಟರಿಷ್ಟರು. ಇಲ್ಲಿನ ತಕ್ಕಡಿ ವಿಚಿತ್ರವಾದದ್ದು. ಕಾಲೇಜಿಗೆ ಹೋಗಿ ಮೂರು ವರ್ಷ ಕ್ಯಾಂಟೀನಿನಲ್ಲಿ ಕಳೆದವನ ಪದವಿಗೆ ಪೂರ್ಣ ಮರ್ಯಾದೆ; ಕೊಟ್ಟಿಗೆ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಹನ್ನೊಂದಕ್ಕೆ ಓದಲು ಕುಳಿತವಳ ಪದವಿಗೆ ಅರ್ಧ ಮರ್ಯಾದೆ! ನೆಲ್ಸನ್ ಮಂಡೇಲಾ ಅವರು ದಕ್ಷಿಣ ಆಫ್ರಿಕಾ ವಿಶ್ವವಿದ್ಯಾನಿಲಯದ ಕಾನೂನು ಪದವಿಯನ್ನು ೧೯೮೯ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಸೆರೆಮನೆಯಲ್ಲಿದ್ದುಕೊಂಡೇ ಹೊರಗಿನಿಂದ ಓದಿ ಪಡೆದರು. ಅದನ್ನು ಯಾರೂ ‘ಕಟ್ಟಿದ್ದು’ ಎಂದು ಹೀಗಳೆಯಲಿಲ್ಲ.

ಬೆಲೆಯ ಲೆಕ್ಕ

ಇನ್ನು ಖರ್ಚು. ಮೇಲ್ನೋಟಕ್ಕೆ ಕಾಣುವುದು ಪ್ರವೇಶ ಶುಲ್ಕ ಮಾತ್ರ. ಮುಕ್ತ ವಿಶ್ವವಿದ್ಯಾನಿಲಯದ ಶುಲ್ಕವು ಮಗನನ್ನೋ ಮಗಳನ್ನೋ ಪರಸ್ಥಳದ ಹಾಸ್ಟೆಲಿನಲ್ಲಿ ಇರಿಸುವ ಖರ್ಚಿಗೆ ಹೋಲಿಸಿದರೆ ಹಗುರವೇ ಸರಿ. ಸಂಬಳ ನಿಲ್ಲುವುದಿಲ್ಲವೆಂಬುದು ಅದಕ್ಕಿಂತ ದೊಡ್ಡ ಅನುಕೂಲ. ಆದರೆ ಪರೀಕ್ಷಾ ಶುಲ್ಕ, ಅನುತ್ತೀರ್ಣರಾದರೆ ಮತ್ತೆ ಕಟ್ಟುವ ಶುಲ್ಕ, ನೆರವಿನ ಪುಸ್ತಕಗಳು, ಪ್ರಯಾಣ, ಹೊರಗಿನ ಊಟ, ಪರೀಕ್ಷೆಯ ದಿನಗಳಲ್ಲಿ ಪೇಟೆಯಲ್ಲಿ ಉಳಿಯುವ ವೆಚ್ಚ ಇವುಗಳನ್ನು ಯಾವ ಮಾಹಿತಿಪತ್ರವೂ ಒಟ್ಟು ಹಾಕಿ ತೋರಿಸುವುದಿಲ್ಲ.

ಪ್ರಯಾಣವನ್ನೇ ನೋಡಬಹುದು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರವಿರುವುದು ಶಿವಮೊಗ್ಗದಲ್ಲಿ. ಸಾಗರದಿಂದ ಅಲ್ಲಿಗೆ ಸುಮಾರು ೭೦ ಕಿಲೋಮೀಟರು. ಹೊಸನಗರ, ತೀರ್ಥಹಳ್ಳಿಗಳಿಂದಲೂ ಹೆಚ್ಚುಕಡಿಮೆ ಅಷ್ಟೇ. ಸಾಗರದವರಿಗೆ ರೈಲಾದರೂ ಇದೆ. ತೀರ್ಥಹಳ್ಳಿಯವರಿಗೆ ಬಸ್ಸೇ ಗತಿ. ಸಂಪರ್ಕ ತರಗತಿ, ಅರ್ಜಿ, ಪರೀಕ್ಷೆಗಳಿಗೆಂದು ಸಾಗರದವರೊಬ್ಬರು ವರ್ಷಕ್ಕೆ ಹತ್ತು ಸಲ ಹೋಗಿಬಂದರೆ ೧,೪೦೦ ಕಿಲೋಮೀಟರು. ಮೂರು ವರ್ಷಕ್ಕೆ ೪,೨೦೦. ಕಾಶಿಗೆ ಹೋಗಿ ಬಂದಷ್ಟು ದೂರವಾಯಿತು! ಹಿನ್ನೀರಿನಾಚೆಯ ತುಮರಿ ಸೀಮೆಯವರು ೨೦೨೫ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಇದರ ಮೇಲೆ ಲಾಂಚನ್ನೂ ಕಾಯಬೇಕಾಗಿತ್ತು.

ಹಣಕ್ಕಿಂತ ದುಬಾರಿಯಾದದ್ದು ಸಮಯ. ಮಲೆನಾಡಿನ ಪಂಚಾಂಗವೂ ವಿಶ್ವವಿದ್ಯಾನಿಲಯದ ಪಂಚಾಂಗವೂ ಒಂದಕ್ಕೊಂದು ಹೊಂದುವುದಿಲ್ಲ. ಆಷಾಢದ ಮಳೆಗೆ ದಾರಿಗಳು ಹದಗೆಡುತ್ತವೆ, ವಿದ್ಯುತ್ತು ದಿನಗಟ್ಟಲೆ ಬಾರದೆ ಹೋಗುತ್ತದೆ, ಮೊಬೈಲಿನ ಸಂಕೇತವೂ ಗುಡ್ಡ ಹತ್ತಿದರೆ ಮಾತ್ರ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯ ತನಕ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಮನೆಯ ಒಂದು ಕೈಯೂ ಬಿಡುವಾಗಿರುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿ ಆ ದಿನಗಳಲ್ಲಿಯೇ ಬಿದ್ದರೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಗಂಡಸು ಓದಲು ಕುಳಿತರೆ ಮನೆಯವರು ಮೆಲ್ಲಗೆ ಮಾತನಾಡುತ್ತಾರೆ. ಹೆಂಗಸು ಓದಲು ಕುಳಿತರೆ ಅವಳನ್ನೇ ಕರೆದು ಕಾಫಿ ಕೇಳುತ್ತಾರೆ. ಪದವಿಯ ಬೆಲೆಯಲ್ಲಿ ಈ ಪಾಲನ್ನೂ ಸೇರಿಸಲೇಬೇಕು. ಮನೆಮಂದಿಯೆಲ್ಲ ಕುಳಿತು, ಯಾರ ಕೆಲಸವನ್ನು ಯಾರು ವಹಿಸಿಕೊಳ್ಳಬೇಕೆಂದು ಮೊದಲೇ ಮಾತನಾಡಿಕೊಂಡರೆ ಅರ್ಧ ಪರೀಕ್ಷೆ ಗೆದ್ದಂತೆ.

ಕಾಗದದ ಹಿಂದಿನ ಅಪಾಯ

ಇವೆಲ್ಲಕ್ಕಿಂತ ದೊಡ್ಡ ಬೆಲೆ ಇನ್ನೊಂದಿದೆ: ಮಾನ್ಯತೆ ತಪ್ಪುವ ಅಪಾಯ. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಉದಾಹರಣೆಯನ್ನು ಕರ್ನಾಟಕ ಮರೆಯುವಂತಿಲ್ಲ. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೇಂದ್ರಗಳನ್ನು ತೆರೆದದ್ದು, ತಾಂತ್ರಿಕ ವಿಷಯಗಳನ್ನು ದೂರಶಿಕ್ಷಣದಲ್ಲಿ ನಡೆಸಿದ್ದು ನಿಯಮಬಾಹಿರವೆಂದು, ೨೦೧೨–೧೩ರ ನಂತರದ ಸಾಲುಗಳಿಗೆ ಅದಕ್ಕೆ ಮಾನ್ಯತೆಯಿಲ್ಲವೆಂದು ಧನಸಹಾಯ ಆಯೋಗವು ೨೦೧೫ರ ಜೂನಿನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು ೨೦೧೮ರಲ್ಲಿ, ೨೦೧೮–೧೯ರ ಸಾಲಿನಿಂದ. ನಡುವೆ ಸೇರಿದ್ದ ಸಾವಿರಾರು ವಿದ್ಯಾರ್ಥಿಗಳು ವರ್ಷಗಟ್ಟಲೆ ತ್ರಿಶಂಕು ಸ್ವರ್ಗದಲ್ಲಿ ತೂಗಿದರು. ಹೊರನಾಡಿನ ಕೇಂದ್ರಗಳ ಕಥೆಯನ್ನೇ ಕೇಳಿರದ ಮಲೆನಾಡಿನ ಗುಮಾಸ್ತನೂ, ಶುಲ್ಕ ಕಟ್ಟಿ ಪ್ರಾಮಾಣಿಕವಾಗಿ ಓದಿದ ಶಿಕ್ಷಕಿಯೂ ಆ ತೊಡಕಿನಲ್ಲಿ ಸಿಕ್ಕಿಕೊಳ್ಳುವಂತಾಯಿತು. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಮೂವತ್ತೈದರಿಂದ ನಲವತ್ತರವರೆಗಿನ ಐದು ವರ್ಷಗಳನ್ನು ಯಾರು ಹಿಂದಿರುಗಿಸಬಲ್ಲರು?

ಇಂಥದೇ ಇನ್ನೊಂದು ಏಟು ೨೦೧೭ರ ನವೆಂಬರಿನಲ್ಲಿ ಬಿದ್ದಿತು. ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅಂಚೆಯ ಮೂಲಕ ನೀಡಿದ್ದ ಎಂಜಿನಿಯರಿಂಗ್ ಪದವಿಗಳನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆ ಪದವಿಯ ಬಲದಿಂದ ಬಡ್ತಿ ಪಡೆದಿದ್ದ ನೌಕರರು ಕಂಗಾಲಾದರು.

ಈಗಿನ ನಿಯಮಗಳು ಮೊದಲಿಗಿಂತ ಬಿಗಿಯಾಗಿವೆ. ೨೦೨೦ರ ವಿಧಿಗಳ ಪ್ರಕಾರ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವು ತನ್ನ ರಾಜ್ಯದೊಳಗೇ ದೂರಶಿಕ್ಷಣ ನಡೆಸಬೇಕು. ಕೇಂದ್ರಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವಂತಿಲ್ಲ. ಎಂಜಿನಿಯರಿಂಗ್, ವೈದ್ಯಕೀಯದಂಥ ಶಿಕ್ಷಣವನ್ನು ದೂರದಿಂದ ಕೊಡುವಂತಿಲ್ಲ. ದೂರಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿಯು ಆಯೋಗದ ದೂರಶಿಕ್ಷಣ ಮಂಡಲಿಯಲ್ಲಿ ತನ್ನದೇ ಗುರುತಿನ ಸಂಖ್ಯೆಯನ್ನು ಪಡೆಯಬೇಕೆಂಬ ನಿಯಮವೂ ೨೦೨೪ರಲ್ಲಿ ಬಂದಿದೆ. ಆದರೂ “ಒಂದೇ ವರ್ಷದಲ್ಲಿ ಪದವಿ, ಹಿಂದಿನ ತಾರೀಖಿನ ಪ್ರಮಾಣಪತ್ರ” ಎಂದು ಆಸೆ ತೋರಿಸುವ ದಲ್ಲಾಳಿಗಳು ಮಾಯವಾಗಿಲ್ಲ. ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಕೊಡುವೆನೆಂಬವನು ಮಾರುವುದು ಪದವಿಯನ್ನಲ್ಲ, ಬರಿಯ ಕಾಗದವನ್ನು. ಅದನ್ನು ಕೊಂಡವನ ನೌಕರಿಗೂ ಅದೇ ಕಾಗದ ಒಂದು ದಿನ ಉರುಳಾದೀತು.

ಪದವಿಯಿಲ್ಲದ ಓದು

ಓದಬೇಕೆಂಬ ಆಸೆಯೇ ಮುಖ್ಯವಾಗಿದ್ದು, ಬಡ್ತಿಯ ಅಗತ್ಯವಿಲ್ಲದವರು ಮೂರು ವರ್ಷದ ಶುಲ್ಕವನ್ನು ಕಟ್ಟಲೇಬೇಕೆಂದಿಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ ಇದಕ್ಕೆ ಜೀವಂತ ಸಾಕ್ಷಿ. ಆ ಪುಟ್ಟ ಹಳ್ಳಿಯಲ್ಲಿ ರೈತರು, ಶಿಕ್ಷಕರು, ಗೃಹಿಣಿಯರು ಜಗತ್ತಿನ ಶ್ರೇಷ್ಠ ನಾಟಕಗಳನ್ನೂ ಚಲನಚಿತ್ರಗಳನ್ನೂ ಕಂಡರು, ಚರ್ಚಿಸಿದರು. ಅದರ ರೂವಾರಿಗಳಲ್ಲಿ ಪ್ರಮುಖರಾದ ಕೆ. ವಿ. ಸುಬ್ಬಣ್ಣ ಅವರಿಗೆ ೧೯೯೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ಕುಳಿತ ಬ್ಯಾಂಕಿನ ಗುಮಾಸ್ತನಿಗೂ ಪ್ರಾಧ್ಯಾಪಕನಿಗೂ ಹಾಸುವ ಚಾಪೆ ಒಂದೇ. ಹೆಸರಿನ ಮುಂದೆ ಸೇರಿಸಲು ಅಲ್ಲಿ ಅಕ್ಷರಗಳು ಸಿಗಲಿಕ್ಕಿಲ್ಲ. ಆದರೆ ಪ್ರಚಾರೋಪನ್ಯಾಸದ ಕಾಲದ ಆ ಹಳೆಯ ಆಶಯ ಅಲ್ಲಿ ಇನ್ನೂ ಉಳಿದಿದೆ.

ಹಾಗೆಂದು ಪದವಿ ಬೇಕಾದವರಿಗೆ “ಸುಮ್ಮನೆ ಪುಸ್ತಕ ಓದಿ” ಎಂದು ಉಪದೇಶಿಸುವುದು ಸಲ್ಲದು. ಪ್ರಥಮ ದರ್ಜೆಯ ಹುದ್ದೆಗೆ ಅರ್ಜಿ ಹಾಕುವವನಿಗೆ ಓದಿನ ಸಂತೋಷ ಸಾಲದು, ಪ್ರಮಾಣಪತ್ರವೇ ಬೇಕು. ಪದವಿ ಈಗಾಗಲೇ ಕೈಯಲ್ಲಿದ್ದವರು ಪದವಿಯಿಲ್ಲದವರಿಗೆ ವೈರಾಗ್ಯ ಬೋಧಿಸುವುದು ಸುಲಭ.

ಅರ್ಜಿ ತುಂಬುವ ಮುನ್ನ

ಆದುದರಿಂದ ದುಡಿಯುವವರು ಕೇಳಿಕೊಳ್ಳಬೇಕಾದದ್ದು “ಪದವಿ ಒಳ್ಳೆಯದೇ?” ಎಂಬ ಪ್ರಶ್ನೆಯನ್ನಲ್ಲ, “ಈ ಪದವಿ ಯಾವ ಬಾಗಿಲಿನ ಬೀಗದ ಕೈ?” ಎಂಬುದನ್ನು. ಬಾಗಿಲಿನ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಲು ಬರುವುದಾದರೆ, ಅಂದರೆ ಇಂಥ ಹುದ್ದೆ, ಇಂಥ ಬಡ್ತಿ, ಇಂಥ ಪರೀಕ್ಷೆ ಎನ್ನಬಹುದಾದರೆ, ಖರ್ಚಿಗೆ ಅರ್ಥವಿದೆ. ಸರಕಾರಿ ನೌಕರರು ತಮ್ಮ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಬರಹದಲ್ಲಿ ಪಡೆಯಬೇಕು. ಓದು ಮುಗಿದ ಮೇಲೆ ಅನುಮತಿ ಕೇಳಿದರೆ ಪದವಿ ಇದ್ದೂ ಇಲ್ಲದಂತಾದೀತು.

ಎರಡನೆಯದಾಗಿ, ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿದೆಯೇ ಎಂದು ಕೇಳಿದರೆ ಸಾಲದು. ಸೇರುವ ಸಾಲಿಗೆ, ಸೇರುವ ವಿಷಯಕ್ಕೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿಯೇ ನೋಡಬೇಕು. ದಲ್ಲಾಳಿಯ ಬಾಯಿಮಾತು ನಂಬತಕ್ಕದ್ದಲ್ಲ. ಮೊಬೈಲು ಬಳಸಲು ಬಾರದ ಹಿರಿಯರಿಗೆ ಊರಿನ ಸರಕಾರಿ ಕಾಲೇಜಿನ ಅಧ್ಯಾಪಕರು ಈ ಪಟ್ಟಿಯನ್ನು ತೋರಿಸಿಕೊಟ್ಟರೆ ಅದೂ ಒಂದು ವಿದ್ಯಾದಾನವೇ. ಮೂರನೆಯದಾಗಿ, ಮೂರು ವರ್ಷದ ಒಟ್ಟು ಖರ್ಚನ್ನು ಪ್ರಯಾಣಸಹಿತ ಬರೆದು, ಅಷ್ಟು ಹಣ ಸಾಲವಿಲ್ಲದೆ ಹೊಂದುವುದೇ, ಕೊಯ್ಲಿನ ಕಾಲದಲ್ಲಿ ಅಷ್ಟು ಬಿಡುವು ದೊರೆಯುವುದೇ ಎಂದು ಮನೆಯವರೊಡನೆ ಕುಳಿತು ತೂಗಬೇಕು. ಪ್ರವೇಶವು ಜುಲೈ, ಜನವರಿ ಎಂದು ವರ್ಷಕ್ಕೆ ಎರಡಾವರ್ತಿ ನಡೆಯುವುದರಿಂದ ತೋಟದವರು ತಮಗೆ ಅನುಕೂಲವಾದುದನ್ನು ಆರಿಸಿಕೊಳ್ಳಬಹುದು.

ಈ ಲೆಕ್ಕ ಸರಿಹೊಂದಿದ ಮೇಲೆ ಅಳುಕುವ ಕಾರಣವಿಲ್ಲ. ಮಾನ್ಯತೆಯುಳ್ಳ ವಿಶ್ವವಿದ್ಯಾನಿಲಯದಲ್ಲಿ ಹೆಸರು ಬರೆಸಿ, ದುಡಿಮೆಯ ನಡುವೆ ಓದಿ ಉತ್ತೀರ್ಣರಾದವರು ಪಂಕ್ತಿಯಲ್ಲಿ ಕುಳಿತವರ ಪ್ರಶ್ನೆಗೆ ನಾಚಬೇಕಾಗಿಲ್ಲ. “ಹೌದು, ಹೊರಗಿನಿಂದಲೇ ಕಟ್ಟಿದ್ದು” ಎಂದು ಅವರು ಧಾರಾಳವಾಗಿ ಹೇಳಬಹುದು. ಮನೆಯನ್ನು, ಕೆರೆಯನ್ನು, ದೇವಸ್ಥಾನವನ್ನು ಕಟ್ಟುವುದಕ್ಕೂ ಕನ್ನಡದಲ್ಲಿ ಇರುವುದು ಆ ಕ್ರಿಯಾಪದವೇ ಅಲ್ಲವೇ?